ದೊಡ್ಡಮ್ಮ ಕಲಸಿದ ತಂಬಿಟ್ಟು

ನನ್ನ ಕೆಲಸ ಆಹಾರದಿಂದ ಹರಡುವ ರೋಗಾಣುಗಳ ಜೀನೋಮ್, ಅಂದರೆ ಅವುಗಳ ವಂಶವಾಹಿ ಬರಹ, ಓದುವುದು. ಟೈಫಾಯಿಡ್ ತರುವ ಒಂದು ಬ್ಯಾಕ್ಟೀರಿಯಾದೊಳಗೆ ಸುಮಾರು ನಲವತ್ತೆಂಟು ಲಕ್ಷ ಅಕ್ಷರಗಳ ಬರಹವಿರುತ್ತದೆ. ಇಬ್ಬರ ಮೈಯಲ್ಲಿ ಸಿಕ್ಕ ರೋಗಾಣುಗಳ ಬರಹ ಹೆಚ್ಚುಕಡಿಮೆ ಒಂದೇ ಆಗಿದ್ದರೆ ರೋಗದ ಮೂಲ ಒಂದೇ ಇರಬೇಕು. ಊರಿಗೆ ಹೋದಾಗಲೆಲ್ಲ ಇದನ್ನು ಜಂಬದಿಂದ ಹೇಳಿಕೊಳ್ಳುತ್ತಿದ್ದೆ.

ಗಂಡಸಿ ಹತ್ತಿರದ ನಮ್ಮ ಮನೆಯಲ್ಲಿ ಶಿವರಾತ್ರಿಗೆ ಹಸಿ ತಂಬಿಟ್ಟು ಕಲಸುವವಳು ದೊಡ್ಡಮ್ಮ. ನೆನೆಸಿ ಕುಟ್ಟಿದ ಅಕ್ಕಿಹಿಟ್ಟು, ಬೆಲ್ಲ, ತುರಿದ ಕೊಬ್ಬರಿ. ಒಲೆ ಹಚ್ಚುವುದೇ ಇಲ್ಲ. ಉಪವಾಸವಿದ್ದುಕೊಂಡು, ರುಚಿಯನ್ನೂ ನೋಡದೆ, ಬರಿಗೈಯಲ್ಲೇ ನಾದಿ ಉಂಡೆ ಕಟ್ಟುತ್ತಿದ್ದಳು. ಮರುದಿನ ಬೆಳಿಗ್ಗೆ ನಾವೆಲ್ಲ ಉಪವಾಸ ಬಿಡುತ್ತಿದ್ದುದು ಅದನ್ನು ತಿಂದೇ.

ಆ ವರ್ಷ ಹಬ್ಬ ಕಳೆದು ಎರಡು ವಾರಕ್ಕೆ ಅವಳ ಏಳು ವರ್ಷದ ಮೊಮ್ಮಗಳಿಗೆ ಟೈಫಾಯಿಡ್ ಬಂತು. ಔಷಧಿ ನಾಟಲಿಲ್ಲ. ಕರುಳು ತೂತಾಗಿ ಮಗು ತೀರಿಕೊಂಡಿತು. ಹಳೇಬೀಡಿನಲ್ಲಿ ತಿಂದ ಪಾನಿಪುರಿಯದೇ ತಪ್ಪೆಂದು ಎಲ್ಲರೂ ಅಂದರು, ನಾನೂ ಅಂದೆ. ಆದರೂ ಕೆಲಸದ ಚಾಳಿ ಬಿಡದೆ ಮನೆಯವರೆಲ್ಲರ ಮಲದ ಮಾದರಿ ಕೇಳಿದೆ.

"ಥೂ, ಇದ್ಯಾವ ಓದೇ ನಿಂದು?" ಎನ್ನುತ್ತಲೇ ದೊಡ್ಡಮ್ಮ ಡಬ್ಬಿ ತೆಗೆದುಕೊಂಡಳು.

ಆಸ್ಪತ್ರೆಯವರು ಮಗುವಿನ ರಕ್ತದಿಂದ ಬೆಳೆಸಿಟ್ಟಿದ್ದ ಬ್ಯಾಕ್ಟೀರಿಯಾಕ್ಕೂ ದೊಡ್ಡಮ್ಮನಲ್ಲಿ ಸಿಕ್ಕಿದ್ದಕ್ಕೂ ಇದ್ದ ವ್ಯತ್ಯಾಸ ಒಂದೇ ಅಕ್ಷರ. ಎಂದೋ ಬಂದು ವಾಸಿಯಾದ ಜ್ವರದ ರೋಗಾಣು ಅವಳ ಪಿತ್ತಕೋಶದಲ್ಲಿ ಸದ್ದಿಲ್ಲದೆ ಉಳಿದುಕೊಂಡಿತ್ತು. ನನಗೆ ನನ್ನ ವಿದ್ಯೆಯ ಮೇಲೇ ಹೇಸಿಗೆಯಾಯಿತು. ಮುಚ್ಚಿಡೋಣವೆಂದರೆ ಮನೆಯಲ್ಲಿ ಒಂದು ಹಸುಗೂಸಿತ್ತು, ದೊಡ್ಡಮ್ಮನಿಗೆ ಚಿಕಿತ್ಸೆಯೂ ಆಗಬೇಕಿತ್ತು.

ಅರಸೀಕೆರೆಯಲ್ಲಿ ರೈಲಿಳಿದು ನೇರ ಮನೆಗೆ ಹೋದೆ. ದೊಡ್ಡಮ್ಮ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ನಿನಗೆ ಗೊತ್ತಿರಲಿಲ್ಲ, ನಿನ್ನ ತಪ್ಪೇನೂ ಇಲ್ಲ ಎಂದು ಮತ್ತೆ ಮತ್ತೆ ಹೇಳಿದೆ. ಅವಳು ಅಳಲಿಲ್ಲ. ತನ್ನ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಳು.

"ತಂಬಿಟ್ಟು ಎಲ್ರೂ ತಿಂದ್ರಲ್ಲೇ. ನಿಮಗ್ಯಾರಿಗೂ ಏನೂ ಆಗ್ನಿಲ್ಲ. ಅವಳಿಗೊಬ್ಬಳಿಗೇ ಯಾಕೆ?"

ಗೊತ್ತಿಲ್ಲ ಅಂದುಬಿಡಬೇಕಿತ್ತು. ಪ್ರಶ್ನೆ ಕೇಳಿದರೆ ಉತ್ತರ ಕೊಟ್ಟೇ ತೀರುವ ದರಿದ್ರ ಅಭ್ಯಾಸ ನನ್ನದು.

"ಎಳೇ ಮೈ ದೊಡ್ಡಮ್ಮ. ಹೊಟ್ಟೆಗೆ ಜಾಸ್ತಿ ಹೋಗಿರಬಹುದು."

ಅವಳು ಸೆರಗಿನೊಳಗಿಂದ ಬಲಗೈ ತೆಗೆದು ನೋಡಿಕೊಂಡಳು.

"ಒಂದೇ ಸಾಕಜ್ಜಿ ಅಂದ್ಲು ಕಣೇ. ನಾನೇ ಬಲವಂತ ಮಾಡಿ ಇನ್ನೊಂದು ಬಾಯಿಗೆ ತುರುಕ್ದೆ."