ಎಡಗಡೆಯ ಪಿತ್ತಕೋಶ

ಹೋದ ವರ್ಷ ನಾಲ್ಕು ತಿಂಗಳು ನಾನು ಊಟವಾದ ಮೇಲೆ ಕೂತದ್ದಿಲ್ಲ. ಕೂತರೆ ಪಕ್ಕೆಲುಬಿನ ಕೆಳಗೆ, ಬಲಗಡೆ, ಯಾರೋ ಒಳಗಿನಿಂದ ತಿರುಪು ಬಿಗಿದ ಹಾಗಾಗುತ್ತಿತ್ತು. ಮಲಗಿದರೆ ಅದೇ ತಿರುಪು ಬೆನ್ನಿಗೆ ದಾಟುತ್ತಿತ್ತು. ಹೀಗಾಗಿ ಲಿಂಗರಾಜಪುರದ ನಮ್ಮ ಮನೆಯಲ್ಲಿ ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲಿಗೆ, ಗಸ್ತಿನ ಪೊಲೀಸಿನವನಂತೆ ತಿರುಗುತ್ತಿದ್ದೆ.

"ರೀ, ಒಂದ್ಕಡೆ ನಿಂತ್ಕೊಳ್ರೀ, ನೋಡಿ ನೋಡಿ ನನಗೆ ತಲೆ ಸುತ್ತು ಬರ್ತಿದೆ," ಎನ್ನುತ್ತಿದ್ದಳು ಹೆಂಡತಿ. "ಸ್ಕ್ಯಾನ್ ಮಾಡಿಸ್ಕೊಳ್ಳಿ ಅಂದ್ರೆ ಕೇಳಲ್ಲ. ನಮ್ಮಕ್ಕನಿಗೂ ಹಿಂಗೇ ಆಗಿತ್ತು, ಪಿತ್ತಕೋಶದಲ್ಲಿ ಕಲ್ಲು."

"ಪಿತ್ತಕೋಶ ಇರೋದು ಎಡಗಡೆ ಕಣೇ. ನನಗೆ ನೋವು ಬಲಗಡೆ. ಅಲ್ಲಿರೋದು ಜಠರ. ಇದು ಬರೀ ಗ್ಯಾಸು."

ಈ ಮಾತನ್ನು ನಾನು ಗಾಳಿಯಲ್ಲಿ ಹೇಳಿದ್ದಲ್ಲ. ಶಿವಾಜಿನಗರದ ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು ನಾನು. ಅಲ್ಲಿನ ವಿಜ್ಞಾನದ ಕೋಣೆಯ ಗೋಡೆಯ ಮೇಲೆ ಆಳೆತ್ತರದ ಮನುಷ್ಯನೊಬ್ಬನನ್ನು ಬರೆದು ಅವನ ಹೊಟ್ಟೆಯನ್ನು ಲೋಕಕ್ಕೆ ತೆರೆದಿಟ್ಟವನೂ ನಾನೇ. ಪುಸ್ತಕದ ಚಿತ್ರಕ್ಕೆ ಚೌಕ ಹಾಕಿ ಗೋಡೆಗೆ ಏರಿಸಿದೆ. ಯಕೃತ್ತಿಗೆ ಕಂದುಗೆಂಪು; ಸರಿಯಾದ ಛಾಯೆಗಾಗಿ ಮಾರ್ಕೆಟ್ಟಿನ ಮಾಂಸದಂಗಡಿಯ ಮುಂದೆ ಬಣ್ಣದ ತಟ್ಟೆ ಹಿಡಿದು ನಿಂತು ಬಂದಿದ್ದೆ. ಅದರಡಿಯಲ್ಲಿ ಪಿತ್ತಕೋಶಕ್ಕೆ ಪಾಚಿ ಹಸಿರು. ಜಠರ ಗುಲಾಬಿ. ಅದರ ಹಿಂದಿನಿಂದ ಇಣುಕುವ ಮೇದೋಜ್ಜೀರಕ ಹಳದಿ. ಸಣ್ಣಕರುಳು ಶಾವಿಗೆಯ ಸಿಂಬಿ, ದೊಡ್ಡಕರುಳು ಅದಕ್ಕೆ ಕಟ್ಟಿದ ಚೌಕಟ್ಟು. ಅಲ್ಲಿಂದ ಕೆಳಕ್ಕೆ ಇಳಿಯುವಷ್ಟರಲ್ಲಿ ಹೆಡ್ಮಾಸ್ಟರು ಬಂದರು.

"ಮೇಷ್ಟ್ರೇ, ಹೆಣ್ಮಕ್ಕಳು ಓಡಾಡೋ ಜಾಗ. ಇಲ್ಲಿಂದ ಕೆಳಕ್ಕೆ ಒಂದು ಪಂಚೆ ಉಡಿಸಿಬಿಡಿ."

ಉಡಿಸಿದೆ. ಕೆಂಪು ಅಂಚಿನ ಪಂಚೆಯ ಹಿಂದೆ ಮೂತ್ರಕೋಶ ಶಾಶ್ವತವಾಗಿ ಮರೆಯಾಯಿತು. ನಮ್ಮ ಶಾಲೆಯ ಎಷ್ಟೋ ತಂಡದ ಮಕ್ಕಳು ಆ ಒಂದು ಅಂಗದ ಪರಿಚಯವಿಲ್ಲದೆಯೇ ಪಾಸಾಗಿ ಹೋದರು. ಉಳಿದಂತೆ ಚಿತ್ರ ಚೊಕ್ಕವಾಗಿತ್ತು. ಮುಖವಂತೂ ನನಗೇ ಮೆಚ್ಚುಗೆ: ಹೊಟ್ಟೆ ಸೀಳಿದ್ದರೂ ಮಧ್ಯಾಹ್ನದ ಊಟ ಮುಗಿಸಿ ಎಲೆಯಡಿಕೆಗೆ ಕಾಯುತ್ತಿರುವವನ ಶಾಂತಿ.

ಅದರಲ್ಲಿ ಯಕೃತ್ತು, ಪಿತ್ತಕೋಶ ಎರಡೂ ಎಡಗಡೆ. ನನ್ನ ಕೈಯಾರೆ ಬರೆದದ್ದು. ಯಾರು ಬಂದು ಏನು ಹೇಳಿದರೂ ಕೇಳುವುದೇಕೆ?

ಇನ್ನೊಂದು ಕಾರಣವನ್ನೂ ಹೇಳಿಬಿಡಬೇಕು. ನಮ್ಮ ತಂದೆ ಹೊಟ್ಟೆಯ ಆಪರೇಷನ್ನಿಗೆಂದು ನಡೆದುಕೊಂಡೇ ಆಸ್ಪತ್ರೆಗೆ ಹೋದವರು. ವಾಪಸು ನಡೆದು ಬರಲಿಲ್ಲ. ಗ್ಯಾಸಾದರೆ ಜೀರಿಗೆ ಕಷಾಯ, ಕಲ್ಲಾದರೆ ಕತ್ತಿ. ನಾನು ಕಷಾಯದ ಪಕ್ಷಕ್ಕೆ ಸೇರಿದ್ದೆ.

ನಮ್ಮ ಹಿತ್ತಲ ಬಾಡಿಗೆ ಕೋಣೆಯಲ್ಲಿ ರಾಯಚೂರು ಕಡೆಯ ಹೆಂಗಸೊಬ್ಬಳಿದ್ದಾಳೆ. ಕಟ್ಟಡದ ಕೆಲಸ. ಹೊಕ್ಕಳು ಜಾಗ ಬಿಟ್ಟು ಸರಿದರೆ ಹೊಟ್ಟೆನೋವು ಬರುತ್ತದೆ, ಅದನ್ನು ಅವರು ಬಟ್ಟಿ ಅನ್ನುತ್ತಾರೆ. ತಿಕ್ಕಿ ಜಾಗಕ್ಕೆ ತರುವುದರಲ್ಲಿ ಅವಳದು ಎತ್ತಿದ ಕೈ ಎಂದು ಬೀದಿಯಲ್ಲೆಲ್ಲ ಹೆಸರು. ಸ್ಕ್ಯಾನಿಗಿಂತ ಇದು ವಾಸಿ ಎನಿಸಿ ಒಂದು ಭಾನುವಾರ ಚಾಪೆಯ ಮೇಲೆ ಅಡ್ಡಾದೆ. ಅವಳು ಹೊಕ್ಕಳ ಮೇಲೆ ಮೂರು ಬೆರಳಿಟ್ಟಳು, ನೂಲಿನಿಂದ ಅಳೆದಳು, ಆಮೇಲೆ ಪಕ್ಕೆಲುಬಿನ ಕೆಳಗೆ ಹೆಬ್ಬೆರಳು ಒತ್ತಿದಳು. ನಾನು ಹೌಹಾರಿ ಎದ್ದು ಕೂತೆ.

"ಸರ, ಇದು ಬಟ್ಟಿ ಅಲ್ರಿ. ಬಟ್ಟಿ ತನ್ನ ಜಾಗಾದಾಗ ಐತಿ. ಇದು ಪಿತ್ತದ ಚೀಲ ನೋಡ್ರಿ."

"ಅದು ಎಡಕ್ಕಿರೋದಮ್ಮ."

"ಯಾರ್ ಹೇಳ್ಯಾರ್ರಿ? ನಮ್ಮನ್ಯಾಗ ಎಷ್ಟ್ ಕುರಿ ಕೊಯ್ದೀವಿ, ಒಂದಕ್ಕೂ ಎಡಕ್ಕಿರ್ಲಿಲ್ಲ."

"ಕುರಿ ಬೇರೆ, ಮನುಷ್ಯ ಬೇರೆ."

ಅವಳು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. "ಭಾಳ ಬ್ಯಾರೆ ಏನಿಲ್ರಿ ಸರ," ಎಂದು ನೂಲು ಸುತ್ತಿಕೊಂಡು ಎದ್ದಳು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಫೋನು ತೆಗೆದುಕೊಂಡು ಇಂದಿರಾನಗರದ ಸ್ಕ್ಯಾನಿಂಗ್ ಸೆಂಟರಿಗೆ ಮಾತಾಡಿ ಹೊತ್ತು ಗೊತ್ತು ಮಾಡಿದಳು. ಖಾಲಿ ಹೊಟ್ಟೆಯಲ್ಲಿ ಬರಬೇಕು, ಬಂದಮೇಲೆ ಒಂದು ಲೀಟರ್ ನೀರು ಕುಡಿದು ಮೂತ್ರ ತಡೆದುಕೊಂಡು ಕೂರಬೇಕು ಎಂದು ಅಪ್ಪಣೆಯಾಯಿತು. ಬೇಗ ಮುಗಿಯಲೆಂದು ನಾನು ಮನೆಯಲ್ಲೇ ಕುಡಿದು ಹೊರಟೆ. ಹಲಸೂರು ಕೆರೆ ದಾಟುವಷ್ಟರಲ್ಲಿ, ಪ್ರತಿ ಹಂಪಿನ ಮೇಲೂ ಆಟೋ ಎಗರುವಾಗ, ನಾನು ಪಂಚೆಯಡಿ ಮುಚ್ಚಿಟ್ಟ ಆ ಅಂಗ ಹಳೆಯ ಸೇಡನ್ನೆಲ್ಲ ತೀರಿಸಿಕೊಳ್ಳುತ್ತಿತ್ತು.

"ಇನ್ನೂ ಆರು ಜನ ಇದಾರೆ ಸಾರ್, ಕೂತ್ಕೊಳಿ," ಎಂದಳು ಕೌಂಟರಿನ ಹುಡುಗಿ.

"ಕೂರೋ ಸ್ಥಿತಿಯಲ್ಲಿಲ್ಲಮ್ಮ."

ಅಲ್ಲೂ ಗಸ್ತು ತಿರುಗಿದೆ. ನನ್ನ ಹಾಗೆ ಇನ್ನೂ ಇಬ್ಬರು ತಿರುಗುತ್ತಿದ್ದರು. ಎದುರಾದಾಗಲೆಲ್ಲ ಒಬ್ಬರಿಗೊಬ್ಬರು ಗಂಭೀರವಾಗಿ ತಲೆಬಾಗಿ ಮುಂದೆ ಹೋಗುತ್ತಿದ್ದೆವು.

ಕೊನೆಗೆ ಒಳಗೆ ಕರೆದರು. ಕೋಣೆ ಕತ್ತಲಾಗಿತ್ತು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ತಣ್ಣನೆಯ ಜೆಲ್ ಸವರಿ ಯಂತ್ರದ ಮೂತಿಯನ್ನು ನೇರ ನನ್ನ ಬಲ ಪಕ್ಕೆಗೆ ಒತ್ತಿದರು. ಪರದೆಯ ಮೇಲೆ ಬೂದಿ ಬಣ್ಣದ ಮೋಡಗಳು, ಅಂಚಿಲ್ಲ, ಆಕಾರವಿಲ್ಲ. ನನ್ನ ತರಗತಿಯಲ್ಲಾಗಿದ್ದರೆ ಹತ್ತಕ್ಕೆ ಮೂರು ಅಂಕ ಕೊಡುತ್ತಿದ್ದೆ.

"ಪಿತ್ತಕೋಶದಲ್ಲಿ ಕಲ್ಲಿದೆ ಸಾರ್. ಒಂದಲ್ಲ, ಸುಮಾರಿವೆ."

"ಅಮ್ಮಾ, ನೀವು ನೋಡ್ತಿರೋದು ಬಲಗಡೆ. ಪಿತ್ತಕೋಶ ಆ ಕಡೆ."

ಅವರ ಕೈ ನಿಂತಿತು. "ಯಾರು ಹೇಳಿದ್ದು?"

"ನಾನೇ ಬರೆದಿದ್ದೀನಿ. ಗೋಡೆ ಮೇಲೆ. ಆಳೆತ್ತರ."

ಅವರು ನಗಲಿಲ್ಲ. ಅದು ಅವರ ದೊಡ್ಡತನ. "ಸಾರ್, ಚಿತ್ರದಲ್ಲಿರೋನು ನಿಮ್ಮ ಎದುರಿಗೆ ನಿಂತಿದಾನಲ್ವಾ? ಅವನ ಬಲಗಡೆ ನಿಮ್ಮ ಎಡಕ್ಕೆ ಬರುತ್ತೆ."

ಎದುರು ಕೂತವನ ಬಲಗಿವಿ ನಿಮ್ಮ ಹಾಳೆಯ ಎಡಕ್ಕೆ ಬರುತ್ತದೆ ಎಂದು ಮಕ್ಕಳಿಗೆ ಸ್ಕೇಲಿನಲ್ಲಿ ಕುಟ್ಟಿ ಹೇಳಿಕೊಟ್ಟವನು ನಾನು. ಕಿವಿಗೆ ಹೊಂದುವ ಮಾತು ಪಿತ್ತಕೋಶಕ್ಕೂ ಹೊಂದುತ್ತದೆ ಎಂದು ನಾಲ್ಕು ತಿಂಗಳು ಹೊಳೆಯಲಿಲ್ಲವೆಂದರೆ ನಂಬುವವರು ನಂಬಲಿ. ನನ್ನ ಹೆಂಡತಿ ನಂಬಲಿಲ್ಲ.

"ಚೀಲದ ಗೋಡೆ ಊದಿಕೊಂಡಿದೆ," ಎಂದರು ಡಾಕ್ಟರು. "ಇನ್ನು ತಡ ಮಾಡ್ಬೇಡಿ. ಒಳಗೇ ಒಡೆದ್ರೆ ಜೀವಕ್ಕೇ ಅಪಾಯ. ಈಗ ಹೋಗಿ, ಟಾಯ್ಲೆಟ್ ಎಡಗಡೆ ಇದೆ." ಒಂದು ಕ್ಷಣ ತಡೆದು, "ನಿಮ್ಮ ಎಡಗಡೆ," ಎಂದು ಸೇರಿಸಿದರು.

ಆ ವಾರವೇ ಆಸ್ಪತ್ರೆ ಸೇರಿದೆ. ಆಪರೇಷನ್ನಿನ ದಿನ ಬೆಳಿಗ್ಗೆ ನರ್ಸಮ್ಮ ಬಂದು, ಹೊಟ್ಟೆಯ ಮೇಲೆ ಗುರುತು ಹಾಕಲು ಮಾರ್ಕರ್ ಪೆನ್ನಿನ ಮುಚ್ಚಳ ತೆಗೆದರು. ಅಭ್ಯಾಸಬಲ, ನನ್ನ ಕೈ ಮುಂದೆ ಹೋಯಿತು.

"ಅವ್ರ ಕೈಗೆ ಕೊಡ್ಬೇಡಿ ಸಿಸ್ಟರ್," ಎಂದಳು ಹೆಂಡತಿ. "ಎಡಗಡೆ ಹಾಕ್ಬಿಡ್ತಾರೆ."

ನರ್ಸಮ್ಮ ನಕ್ಕರು. ಹೆಂಡತಿ ನಗಲಿಲ್ಲ. ಅವಳ ಕೈ ನನ್ನ ಮೊಣಕೈಯನ್ನು ಬಿಗಿಯಾಗಿ ಹಿಡಿದಿತ್ತು. ಬಲ ಪಕ್ಕೆಯ ಕೆಳಗೆ ಒಂದು ಬಾಣ ಬಿತ್ತು. ಗೆರೆ ಸ್ವಲ್ಪ ಸೊಟ್ಟಗಿತ್ತು, ತಿದ್ದಲು ಹೋಗಲಿಲ್ಲ.

ತಳ್ಳುಗಾಡಿಯ ಮೇಲೆ ಮಲಗಿಸಿಕೊಂಡು ಹೊರಟಾಗ, ಅವಳಿಗೆ ಧೈರ್ಯವಾಗಲೆಂದು, ಗೋಡೆಯ ಮೇಲಿನ ಆ ಮನುಷ್ಯನ ಮುಖವನ್ನು ನನ್ನ ಮುಖಕ್ಕೆ ತಂದುಕೊಳ್ಳಲು ನೋಡಿದೆ. ಹುಬ್ಬು ಬಂತು, ತುಟಿ ಬರಲಿಲ್ಲ.

"ಏನ್ರೀ, ನೋವಾಗ್ತಿದೆಯಾ?" ಎಂದಳು, ಗಾಡಿಯ ಜೊತೆ ಓಡುತ್ತ.

"ಇಲ್ಲ ಕಣೇ. ಆ ಚಿತ್ರದ ಮುಖ ತಪ್ಪಾಗಿ ಬರೆದಿದ್ದೀನಿ. ಎದ್ದು ಬಂದ್ಮೇಲೆ ತಿದ್ಬೇಕು."

"ನಡ್ಕೊಂಡು ಬನ್ನಿ ಮೊದಲು," ಎಂದಳು. ಬಾಗಿಲು ಮುಚ್ಚಿತು.