ಮೇಲಿನ ವಿಮಾನ ಒಯ್ದ ಮಾತು

ಯಾವಗಲ್ ಊರಿನ ನಮ್ಮ ಹೊಲದಲ್ಲಿ ಅತ್ತೆಯೂ ನಾನೂ ಕಡಲೆ ಕೀಳುತ್ತಿದ್ದಾಗ, ಎಂಜಿನ್ನೇ ಇಲ್ಲದ ಉದ್ದ ರೆಕ್ಕೆಯ ಗ್ಲೈಡರ್ ಒಂದು ಸದ್ದಿಲ್ಲದೆ ಬಂದು ಪಕ್ಕದ ಖಾಲಿ ಹೊಲಕ್ಕೆ ಇಳಿದೇಬಿಟ್ಟಿತು. ಎದ್ದೆವೋ ಬಿದ್ದೆವೋ ಅಂತ ಓಡಿದೆವು. ಒಳಗಿದ್ದ ಹುಡುಗಿಗೆ ಏನೂ ಆಗಿರಲಿಲ್ಲ. ಆದರೂ ರೇಡಿಯೋ ಹಿಡಿದು ಯಾರನ್ನೋ ಮತ್ತೆ ಮತ್ತೆ ಕರೆಯುತ್ತಿದ್ದಳು. ನಮ್ಮ ಕಡೆಯ ಮಾತೇ ಆಡಿದಳು.

"ಮ್ಯಾಲೆತ್ತೋ ಗಾಳಿ ಸಿಗಲಿಲ್ರಿ, ಇಳದೆ. ಇಲ್ಲಿಂದ ಕಂಟ್ರೋಲ್ ಟವರಿಗೆ ನನ್ನ ದನಿ ಮುಟ್ಟವಲ್ದು. ಸುದ್ದಿ ಹೋಗ್ಲಿಲ್ಲಂದ್ರ ಬಿದ್ದಾಳ ಅಂತ ಹುಡುಕಾಕ ಹೊಂಡ್ತಾರ್ರಿ."

ಮೊಬೈಲಿಗೂ ಸಿಗ್ನಲ್ ಇರಲಿಲ್ಲ. ಅಷ್ಟರಲ್ಲಿ ಬಹಳ ಎತ್ತರದಲ್ಲಿ ಪ್ರಯಾಣಿಕರ ವಿಮಾನವೊಂದು ಹಾದುಹೋಗುತ್ತಿತ್ತು. ಅವಳು ರೇಡಿಯೋದಲ್ಲಿ ಅದನ್ನೇ ಕರೆದಳು. ದೂರದ ಟವರಿಗೆ ಮುಟ್ಟದ ದನಿ ನೆತ್ತಿಯ ಮೇಲಿದ್ದ ವಿಮಾನಕ್ಕೆ ಮುಟ್ಟಿತು; ಅದರ ಪೈಲಟ್ ಓಗೊಟ್ಟ. ಅವಳು ಕ್ಷೇಮವಾಗಿ ಇಳಿದ ಸುದ್ದಿಯನ್ನು ಟವರಿಗೆ ಮುಟ್ಟಿಸಿ, ಮುಟ್ಟಿಸಿದೆನೆಂದು ಇವಳಿಗೂ ಹೇಳಿದ. ಹುಡುಗಿ ಕಣ್ಣೊರೆಸಿಕೊಂಡಳು.

ಅತ್ತೆ ರೊಟ್ಟಿಗಂಟು ಬಿಚ್ಚಿದರು. "ನಾವು ತವರಮನಿಗೆ ಬಸ್ಸಿನ ಕಂಡಕ್ಟರ್ ಕಡೆ ಹೇಳಿ ಕಳಸ್ತಿದ್ವಲ್ಲ, ಹಂಗ ಆತು ಬಿಡವ್ವಾ. ಈಗ ಉಣ್ಣು."

ಈಗ ವಿಮಾನದ ಸದ್ದು ಕೇಳಿದರೆ ಅತ್ತೆ ಕೆಲಸ ನಿಲ್ಲಿಸಿ ಕತ್ತೆತ್ತಿ ನೋಡುತ್ತಾರೆ. "ಯಾರ ಮಗಳ ಸುದ್ದಿ ಒಯ್ಯಾಕತ್ತೈತೋ" ಎನ್ನುತ್ತಾರೆ.