ಎರಡೂ ಇರಲಿ ಎಂದ ಶಾರದಮ್ಮ

ಶಾರದಮ್ಮ ಕಂಪ್ಯೂಟರಿನ ಕೀಲಿಗಳನ್ನು ಒತ್ತುತ್ತಿರಲಿಲ್ಲ, ಕುಟ್ಟುತ್ತಿದ್ದರು. ಟೈಪ್‌ರೈಟರಿನ ಕಾಲದ ಕೈ ಅದು. ಪಕ್ಕದ ಸ್ಟೋರ್ಸ್‌ನಲ್ಲಿ ಸಾಮಾನಿನ ಲೆಕ್ಕ ನೋಡುತ್ತ ಕೂತಿರುತ್ತಿದ್ದ ನನಗೆ ಆ ಸದ್ದಿನಲ್ಲೇ ಅವರ ಮನಸ್ಸು ಗೊತ್ತಾಗುತ್ತಿತ್ತು.

ಎರಡು ಸಾವಿರದ ಇಸವಿ ದಾಟಿದ ಹೊಸತು. ತುಮಕೂರಿನ ಸತ್ಯಮಂಗಲದ ನಮ್ಮ ಸಣ್ಣ ಕಾರ್ಖಾನೆಯಲ್ಲಿ ತಗಡು ಒತ್ತಿ ಬಿಡಿಭಾಗ ಮಾಡುತ್ತಿದ್ದರು. ದಿನಾ ಗುಬ್ಬಿಯಿಂದ ಬರುತ್ತಿದ್ದ ಶಾರದಮ್ಮನವರದೇ ಆಫೀಸಿನ ಟೈಪಿಂಗ್ ಎಲ್ಲ. ಮ್ಯಾನೇಜರು ‘ಈ ಮೂಲಕ ತಿಳಿಯಪಡಿಸುವುದೇನೆಂದರೆ’ ಎಂದು ಹೇಳಿ ಬರೆಸಿದರೆ, ಇವರು ‘ನಾಳೆ ನೀರು ಬರಲ್ಲ, ಮನೆಯಿಂದ ತನ್ನಿ’ ಎಂದು ಹಾಕಿಬಿಡುತ್ತಿದ್ದರು.

ಆ ವರ್ಷ ಆಫೀಸಿನ ಸಾಫ್ಟ್‌ವೇರ್ ಹೊಸದಾಯಿತು. ಹಳೆಯದನ್ನು ಅಳಿಸಿದರು. ನಮ್ಮ ಕನ್ನಡ ಅಕ್ಷರಗಳು ಒಗ್ಗಿದ್ದು ಹಳೆಯದಕ್ಕೆ ಮಾತ್ರ. ಹೊಸದರಲ್ಲಿ ಒತ್ತಕ್ಷರಗಳೆಲ್ಲ ಚೌಕಚೌಕವಾಗಿ ಕಾಣತೊಡಗಿದವು.

"ಇನ್ಮೇಲೆ ನೋಟಿಸೆಲ್ಲ ಇಂಗ್ಲಿಷಲ್ಲೇ ಹಾಕ್ಬಿಡಿ," ಎಂದರು ಮ್ಯಾನೇಜರು.

"ಓದೋರ್ಯಾರು ಸಾರ್, ಗೋಡೆನಾ?"

ಮ್ಯಾನೇಜರು ನಕ್ಕು ಒಳಗೆ ಹೋದರು.

ಒಂದು ದಿನ ತಗಡು ಒತ್ತುವ ಪ್ರೆಸ್ಸಿನೊಳಕ್ಕೆ ಕೈ ಹೋಗದಂತೆ ತಡೆಯುವ ಜಾಲರಿಯನ್ನು ರಿಪೇರಿಗೆ ಬಿಚ್ಚಿದ್ದರು. ಮಿಷಿನ್ ಮುಟ್ಟಬೇಡಿ ಎಂದು ಇಂಗ್ಲಿಷಿನಲ್ಲಿ ಚೀಟಿ ಅಂಟಿಸಿತ್ತು. ಹುತ್ರಿದುರ್ಗದ ರಂಗಯ್ಯ ಬೆಳಗಿನ ಪಾಳಿಗೆ ಬಂದವನೇ ಸ್ವಿಚ್ ಹಾಕಿದ. ನಡುಬೆರಳಿನ ತುದಿ ಜಜ್ಜಿಹೋಯಿತು.

"ಚೀಟಿ ಹಾಕಿತ್ತಲ್ಲ, ನೋಡ್ಬೇಕಿತ್ತು," ಎಂದರು ಮ್ಯಾನೇಜರು.

"ನೋಡ್ದೆ ಕಣಕ್ಕ," ಎಂದ ರಂಗಯ್ಯ, ಶಾರದಮ್ಮನ ಕಡೆ ತಿರುಗಿ. "ಯಾವ್ದೋ ಆರ್ಡರ್ ಕಾಗ್ದ ಅನ್ಕಂಡೆ."

ಆ ಚೀಟಿ ಟೈಪ್ ಮಾಡಿದ್ದು ಶಾರದಮ್ಮನವರೇ. ಅವತ್ತು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಲಿಲ್ಲ. ಕಂಪ್ಯೂಟರ್ ರಿಪೇರಿಯವನಿಗೆ ಫೋನ್ ಮಾಡಿ ಕರೆಸಿದರು.

"ಹಳೇ ಸಾಫ್ಟ್‌ವೇರು, ಹೊಸದು ಎರಡೂ ಒಂದೇ ಕಂಪ್ಯೂಟರಲ್ಲಿ ಇರ್ತವೇನಪ್ಪ?"

"ಇರ್ತವೆ ಮೇಡಂ, ಬೇರೆ ಬೇರೆ ಫೋಲ್ಡರಲ್ಲಿ ಹಾಕ್ಬೇಕು. ಸ್ವಲ್ಪ ಸ್ಲೋ ಆಗ್ತದೆ. ಆದ್ರೆ ಸಾರ್ ಬೇಡ ಅಂದವ್ರೆ."

"ಸಾರ್‌ಗೆ ನಾನು ಹೇಳ್ಕತೀನಿ. ಹಾಕು ನೀನು."

ಮಾರನೆಯ ದಿನ ಕನ್ನಡ ನೋಟಿಸು ಕಂಡದ್ದೇ ಮ್ಯಾನೇಜರು ಧಾವಿಸಿ ಬಂದರು. "ಯಾರನ್ನ ಕೇಳಿ ಹಾಕ್ಸಿದ್ರಿ? ತೆಗೆಸಿ ಅದನ್ನ."

ಶಾರದಮ್ಮ ಕುರ್ಚಿಯಿಂದ ಏಳಲಿಲ್ಲ. "ನಿಮ್ಮ ಇಂಗ್ಲಿಷ್ ಕಾಗದ ಹೊಸದ್ರಲ್ಲಿ ಮಾಡ್ಕೊಡ್ತೀನಿ ಸಾರ್. ಈ ಹಳೇದು ಪ್ರೆಸ್ ಕೆಲಸದವ್ರಿಗೆ. ತೆಗೆಸೋದಾದ್ರೆ ನನ್ನೂ ತೆಗೆದ್ಬಿಡಿ."

ಅಷ್ಟರಲ್ಲಿ ಪ್ರೆಸ್ಸುಗಳ ಸದ್ದು ನಿಂತಿತ್ತು. ಬಾಗಿಲಲ್ಲಿ ಕೆಲಸಗಾರರು ಗುಂಪುಗೂಡಿದ್ದರು. ಯಾರೂ ಕದಲಲಿಲ್ಲ. ಮ್ಯಾನೇಜರು ಅವರನ್ನೊಮ್ಮೆ ನೋಡಿ ಹಿಂದಿರುಗಿದರು.

ಎರಡೂ ಉಳಿದವು. ಶಾರದಮ್ಮನ ಮೇಜನ್ನು ಮಾತ್ರ ಮ್ಯಾನೇಜರು ಆ ವಾರವೇ ಬಚ್ಚಲಿನ ಪಕ್ಕದ ಮೂಲೆಗೆ ಹಾಕಿಸಿದರು. ಇದೆಂಥ ಜಾಗ ಅಕ್ಕ ಎಂದು ನಾನು ಗೊಣಗಿದೆ. "ಬುಡು, ಗಾಳಿ ಚೆನ್ನಾಗೈತೆ," ಎಂದು ಅವರು ಕುಟ್ಟಲು ಕೂತರು. ನಿವೃತ್ತಿಯಾಗುವವರೆಗೂ ಅಲ್ಲಿಂದಲೇ ಕುಟ್ಟಿದರು.

ಕೆಲವು ವರ್ಷಗಳ ಮೇಲೆ ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಕೂದಲು ಪೂರಾ ಬೆಳ್ಳಗಾಗಿತ್ತು. "ಈಗ ಹೊಸದ್ರಲ್ಲೇ ಕನ್ನಡ ಬರತ್ತೆ ಅಕ್ಕ. ಹಳೇದನ್ನ ತೆಗೆದ್ಬಿಟ್ರು," ಎಂದೆ. ಬೇಸರ ಮಾಡಿಕೊಳ್ಳುತ್ತಾರೇನೋ ಎಂದು ಅಂಜಿದ್ದೆ.

"ತೆಗೀಲಿ, ಅದ್ರಲ್ಲೇನೈತೆ? ಕನ್ನಡ ಬಂತಲ್ಲ. ಆದ್ರೆ ಯಾರೋ ಪಾಪ ಅಂತ ಕೊಟ್ರು ಅನ್ಕೋಬೇಡ ಕಣೋ. ಜನ ಬಿಡ್ದೆ ಕೇಳಿದ್ಕೆ ಬಂತು."

ಗುಬ್ಬಿ ಬಸ್ಸು ಬಂತು. ನೂಕುನುಗ್ಗಲಿನಲ್ಲಿ ಮೊಣಕೈಯಿಂದ ದಾರಿ ಮಾಡಿಕೊಂಡು ಹತ್ತಿ ಹೋದರು. ಆಮೇಲೆ ನಾನು ಅವರನ್ನು ನೋಡಲಿಲ್ಲ.